ತೆಂಗಿನ ಜೀನೋಮ್ ಓದುವ ವಿದ್ಯೆ: ಕಲ್ಪತರು ನಾಡಿನಿಂದ ಒಂದು ನೋಟ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಮರದ ವಂಶ ಗುರುತಿಸುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹುಳಿಯಾರು ಬಳಿಯ ಕೆಂಕೆರೆ, ತಿಪಟೂರಿನ ಹೊನ್ನವಳ್ಳಿ, ತುರುವೇಕೆರೆಯ ಸುತ್ತಲಿನ ಹಳ್ಳಿಗಳು, ಈ ಎಲ್ಲ ಕಡೆಯೂ ಬೀಜದ ಕಾಯಿ ಆರಿಸುವುದು ತೋಟದ ಹಿರಿಯರ ಕೆಲಸ. ನಡುವಯಸ್ಸಿನ ಮರವಾಗಿರಬೇಕು, ವರ್ಷ ಬಿಟ್ಟು ವರ್ಷವಲ್ಲದೆ ಪ್ರತಿ ವರ್ಷವೂ ಗೊನೆ ಕಟ್ಟಬೇಕು, ಗರಿಗಳು ಸುತ್ತಲೂ ಸಮನಾಗಿ ಹರಡಿರಬೇಕು, ಗೊನೆ ಜೋತು ಬೀಳದೆ ಮಟ್ಟೆಯ ಮೇಲೆ ಕೂತಿರಬೇಕು, ಕಾಯಿ ಗುಂಡಗಿರಬೇಕು, ಒಳಗಿನ ಕೊಬ್ಬರಿ ದಪ್ಪವಾಗಿರಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೂ ಕೆಡದೆ ಉಂಡೆ ಕೊಬ್ಬರಿಯಾಗುವ ಕಾಯಿಯೇ ಇಲ್ಲಿನ ಬೇಸಾಯದ ಗುರಿ. ಆ ಗುಣವನ್ನು ತಲೆಮಾರುಗಳ ಕಾಲ ಕಣ್ಣಿನಿಂದಲೇ ಅಳೆದು ಮುಂದಕ್ಕೆ ದಾಟಿಸಿದವರು ಬೇಸಾಯಗಾರರು. ಇಂದು ವಿಜ್ಞಾನಿಗಳು ‘ತಿಪಟೂರು ಟಾಲ್’ ಎಂದು ಕರೆಯುವ ಎತ್ತರದ ತಳಿ ಈ ಆಯ್ಕೆಯ ಫಲ.

ಈ ವಿದ್ಯೆಗೆ ಒಂದು ಮಿತಿ ಇತ್ತು. ಎತ್ತರದ ತೆಂಗು ಪರಕೀಯ ಪರಾಗಸ್ಪರ್ಶದ ಮರ. ಒಂದೇ ಹೊಂಬಾಳೆಯಲ್ಲಿ ಗಂಡು ಹೂ ಮೊದಲು ಉದುರಿ, ಹೆಣ್ಣು ಹೂ ಆಮೇಲೆ ಸಿದ್ಧವಾಗುತ್ತದೆ. ಹಾಗಾಗಿ ಪರಾಗ ಸಾಮಾನ್ಯವಾಗಿ ಬೇರೆ ಮರದಿಂದ ಬರುತ್ತದೆ. ಬೀಜದ ಕಾಯಿಯ ತಾಯಿ ಯಾವುದೆಂದು ತೋಟದವನಿಗೆ ಗೊತ್ತು, ತಂದೆ ಯಾವುದೆಂದು ಗೊತ್ತಿಲ್ಲ. ನೆಟ್ಟ ಸಸಿ ಹೊಂಬಾಳೆ ಬಿಡಲು ಆರರಿಂದ ಎಂಟು ವರ್ಷ ಬೇಕು. ಆರಿಸಿದ್ದು ಸರಿಯೋ ತಪ್ಪೋ ಎಂಬುದು ಅಷ್ಟು ತಡವಾಗಿ ತಿಳಿಯುವ ಬೆಳೆ ಇದು. ಮರ ಎಂಬತ್ತು ವರ್ಷ ಬಾಳುವುದರಿಂದ ತಪ್ಪು ಆಯ್ಕೆಯ ಹೊರೆ ಮೊಮ್ಮಕ್ಕಳ ಹೆಗಲಿಗೂ ಬೀಳುತ್ತದೆ. ತೆಂಗಿನ ವಂಶವಾಹಿಗಳನ್ನು ಓದುವ ಕೆಲಸಕ್ಕೆ ಈ ನಾಡಿನಲ್ಲಿ ಬೆಲೆ ಬರುವುದು ಇದೇ ಕಾರಣದಿಂದ.

ಬರಹಕ್ಕಿಳಿದ ಹಳೆಯ ವಿವರಣೆಗಳು ಹೊರಗುಣಗಳನ್ನಷ್ಟೇ ಹೇಳುತ್ತವೆ. ಟಿಪ್ಪು ಸುಲ್ತಾನನ ಪತನದ ನಂತರ, 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗು–ಅಡಿಕೆ ತೋಟಗಳ ಬೇಸಾಯವನ್ನು ವಿವರವಾಗಿ ಬರೆದುಕೊಂಡ. ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ತೆಂಗನ್ನು ಬಣ್ಣದ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಕೆಂಪು, ಕೆಂಪು ಹಸಿರು ಬೆರೆತದ್ದು, ತಿಳಿಹಸಿರು, ಕಡುಹಸಿರು. ಅದೇ ಗೆಜೆಟಿಯರ್ ಹೊನ್ನವಳ್ಳಿಯ ‘ಗಂಗಾಪಾನಿ’ ಎಂಬ ತೆಂಗನ್ನು ಅದರ ನವಿರಾದ ರುಚಿಗಾಗಿ ಹೆಸರಿಸುತ್ತದೆ. ಗಂಗಾಪಾನಿ ಬೇರೆಯೇ ಒಂದು ವಂಶವೋ, ಹೊನ್ನವಳ್ಳಿಯ ಮಣ್ಣು ನೀರುಗಳಿಂದ ಸಾಮಾನ್ಯ ಮರಕ್ಕೆ ಒದಗಿದ ರುಚಿಯೋ? ಗೆಜೆಟಿಯರ್ ಓದಿ ಇದನ್ನು ತೀರ್ಮಾನಿಸಲಾಗದು. ಬಣ್ಣವಾಗಲಿ ರುಚಿಯಾಗಲಿ ವಂಶದ ಖಚಿತ ಸಾಕ್ಷ್ಯವಲ್ಲ.

ವ್ಯವಸ್ಥಿತ ಸಂಶೋಧನೆ ಆರಂಭವಾದದ್ದು ಕರಾವಳಿಯಲ್ಲಿ. ಅಂದಿನ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲೂ ಪಕ್ಕದ ನೀಲೇಶ್ವರದಲ್ಲೂ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರಗಳು ತೆರೆದವು. ನೀಲೇಶ್ವರದಲ್ಲಿ ಜೆ. ಎಸ್. ಪಟೇಲ್ 1930ರ ದಶಕದಲ್ಲಿ ಎತ್ತರದ ತಳಿಯನ್ನು ಗಿಡ್ಡ ತಳಿಯೊಂದಿಗೆ ಸಂಕರ ಮಾಡಿ, ಸಂಕರದ ಸಸಿಗಳು ಹೆಚ್ಚು ಹುರುಪಿನಿಂದ ಬೆಳೆಯುವುದನ್ನು ತೋರಿಸಿದರು. ತೆಂಗಿನಲ್ಲಿ ಇಂಥ ಪ್ರಯೋಗ ಜಗತ್ತಿನಲ್ಲೇ ಮೊದಲನೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1970ರಲ್ಲಿ ಅಲ್ಲಿನ ಕೇಂದ್ರವೂ ವಿಟ್ಲದ ಅಡಿಕೆ ಕೇಂದ್ರವೂ ಒಂದಾಗಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ರೂಪುಗೊಂಡಿತು. ಅಖಿಲ ಭಾರತ ಸಮನ್ವಯ ಯೋಜನೆಯಡಿ ಒಣನಾಡಿನ ತೆಂಗಿನ ಅಧ್ಯಯನ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದ ಪಾಲಿಗೆ ಬಂತು. ತಿಪಟೂರು ಟಾಲ್‌ನಿಂದಲೇ ಆಯ್ದು ಬಿಡುಗಡೆ ಮಾಡಿದ ‘ಕಲ್ಪತರು’ ತಳಿ ಬರವನ್ನು ತಾಳಿಕೊಳ್ಳುತ್ತದೆ, ಉಂಡೆ ಕೊಬ್ಬರಿಗೂ ಒಪ್ಪುತ್ತದೆ.

ಆಗಿನ ದಾಖಲೆಯ ಪದ್ಧತಿ ಸರಳವಾಗಿತ್ತು. ಕಾಂಡದ ಸುತ್ತಳತೆ, ಗರಿಗಳ ಸಂಖ್ಯೆ, ಮಟ್ಟೆಯ ಉದ್ದ, ಕಾಯಿಯ ತೂಕ, ಕೊಬ್ಬರಿಯ ತೂಕ ಇವನ್ನು ವರ್ಷವರ್ಷವೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1992ರಲ್ಲಿ ಅಂತರರಾಷ್ಟ್ರೀಯ ತೆಂಗು ತಳಿ ಸಂಪನ್ಮೂಲ ಜಾಲ ಹುಟ್ಟಿದ ಮೇಲೆ ದೇಶದೇಶಗಳ ಇಂಥ ಲೆಕ್ಕಗಳನ್ನು ಒಂದೇ ದತ್ತಾಂಶ ಕೋಶದಲ್ಲಿ ಸೇರಿಸುವ ಕೆಲಸ ನಡೆಯಿತು. ದಕ್ಷಿಣ ಕನ್ನಡದ ಸುಬ್ರಹ್ಮಣ್ಯದ ಹತ್ತಿರವಿರುವ ಕಿದು ಕೇಂದ್ರದಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಬ್ಯಾಂಕ್ ನೆಲೆಗೊಂಡಿತು. ತೆಂಗಿನ ಬೀಜವನ್ನು ರಾಗಿ ಬೀಜದಂತೆ ತಂಪು ಕೋಣೆಯಲ್ಲಿ ವರ್ಷಗಟ್ಟಲೆ ಇಡಲಾಗದು. ತಳಿ ಉಳಿಸಬೇಕೆಂದರೆ ಮರವನ್ನೇ ನೆಟ್ಟು ಸಾಕಬೇಕು. ಹಾಗಾಗಿ ತೆಂಗಿನ ಮಟ್ಟಿಗೆ ಬ್ಯಾಂಕ್ ಎಂದರೆ ತೋಟ.

ತೆಂಗಿನ ತೋಟಗಳಿಂದ ಬಹುದೂರದಲ್ಲಿ ಇನ್ನೊಂದು ಬಗೆಯ ಸಂಗ್ರಹ ಬೆಳೆಯುತ್ತಿತ್ತು. ಅಮೆರಿಕದ ಮಾರ್ಗರೆಟ್ ಡೇಹಾಫ್ 1965ರಲ್ಲಿ ಆಗ ತಿಳಿದಿದ್ದ ಪ್ರೋಟೀನುಗಳ ಅಕ್ಷರಮಾಲೆಗಳನ್ನೆಲ್ಲ ಒಂದು ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿದ್ದದ್ದು 65 ಪ್ರೋಟೀನುಗಳು. 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಡಿಎನ್‌ಎ ಓದುವ ಸಮರ್ಥ ವಿಧಾನ ಕೊಟ್ಟ ಮೇಲೆ ಎ, ಸಿ, ಜಿ, ಟಿ ಎಂಬ ನಾಲ್ಕಕ್ಷರದ ಸಾಲುಗಳು ರಾಶಿ ಬೀಳತೊಡಗಿದವು. ಅವನ್ನು ಇಡಲು 1982ರಲ್ಲಿ ಜೆನ್‌ಬ್ಯಾಂಕ್ ಆರಂಭವಾಯಿತು. ಆ ವರ್ಷದ ಡಿಸೆಂಬರಿನ ಆವೃತ್ತಿಯಲ್ಲಿ ಇದ್ದದ್ದು 606 ದಾಖಲೆ, ಒಟ್ಟು ಸುಮಾರು 6.8 ಲಕ್ಷ ಅಕ್ಷರ. ಯುರೋಪಿನ ಇಎಂಬಿಎಲ್ ಮತ್ತು ಜಪಾನಿನ ಡಿಡಿಬಿಜೆ ಕೋಶಗಳೂ ಜತೆಗೂಡಿದವು. ಮೂರೂ ತಮ್ಮ ಸಂಗ್ರಹವನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಒಂದಕ್ಕೆ ಸಲ್ಲಿಸಿದ್ದು ಮಿಕ್ಕ ಎರಡರಲ್ಲೂ ಸಿಗುತ್ತದೆ.

ಈ ಕೋಶಗಳ ಪ್ರತಿಯೊಂದು ದಾಖಲೆಗೂ ಒಂದು ಪ್ರವೇಶ ಸಂಖ್ಯೆ ಇರುತ್ತದೆ. ಕನ್ನಡ ಓದುಗರಿಗೆ ಈ ಕ್ರಮ ಅಪರಿಚಿತವಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಸಂಪುಟ 1904ರಲ್ಲಿ ಹೊರಬಂದಾಗ ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಸಿಕ್ಕಿತು. ಆಮೇಲೆ ಬರೆದ ಯಾವ ಇತಿಹಾಸಕಾರರಾದರೂ ಆ ಸಂಖ್ಯೆ ಹೇಳಿದರೆ ಸಾಕು, ಓದುಗ ಮೂಲ ಪಾಠವನ್ನು ತೆರೆದು ತಾನೇ ಪರೀಕ್ಷಿಸಬಹುದು. ಜೆನ್‌ಬ್ಯಾಂಕಿನ ಸಂಖ್ಯೆ ಮಾಡುವ ಕೆಲಸವೂ ಇದೇ. ಶಾಸನಗಳ ಸಂಪುಟದಲ್ಲಿ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ದಿಕ್ಕಿನಲ್ಲಿ ನಿಂತಿದೆ ಎಂಬುದನ್ನೂ ಬರೆದಿರುತ್ತಾರೆ. ಸ್ಥಳದ ಈ ಮಾಹಿತಿ ಇಲ್ಲದಿದ್ದರೆ ಶಾಸನದ ಅರ್ಧ ಬೆಲೆ ಹೋಯಿತು. ತೆಂಗಿನ ಡಿಎನ್‌ಎ ವಿಷಯದಲ್ಲೂ ಇದು ಅಕ್ಷರಶಃ ನಿಜ.

ಭಾರತ ಈ ಕ್ಷೇತ್ರಕ್ಕೆ ತಡವಾಗಿ ಬರಲಿಲ್ಲ. 1986ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಸ್ಥಾಪನೆಯಾದ ಕೂಡಲೇ ಜೈವಿಕ ಮಾಹಿತಿ ವ್ಯವಸ್ಥೆಯ ರಾಷ್ಟ್ರೀಯ ಜಾಲವೊಂದನ್ನು ಯೋಜಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮುಖ್ಯ ಕೇಂದ್ರಗಳಲ್ಲಿ ಒಂದಾಯಿತು. ಪ್ರೋಟೀನುಗಳ ರಚನೆಯ ಅಧ್ಯಯನಕ್ಕೆ ಜಿ. ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲೇ ಅಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದ್ದರಿಂದ ನೆಲ ಹದವಾಗಿತ್ತು. ಕಾಸರಗೋಡಿನ ಸಿಪಿಸಿಆರ್‌ಐ ಕೂಡ ಮುಂದೆ ಈ ಜಾಲದ ಉಪಕೇಂದ್ರವಾಯಿತು. ಆ ಕಾಲದಲ್ಲಿ ದತ್ತಾಂಶ ಬರುತ್ತಿದ್ದದ್ದು ಕಾಂತೀಯ ಟೇಪಿನಲ್ಲಿ, ನಂತರ ಸಿಡಿಯಲ್ಲಿ. ಅಂದರೆ ಕೈಯಲ್ಲಿರುವ ಪ್ರತಿ ಯಾವಾಗಲೂ ಹಳೆಯದೇ.

1990ರಲ್ಲಿ ಐವರು ವಿಜ್ಞಾನಿಗಳು, ಆಲ್ಟ್‌ಶುಲ್, ಗಿಶ್, ಮಿಲ್ಲರ್, ಮೈಯರ್ಸ್ ಮತ್ತು ಲಿಪ್‌ಮನ್, ‘ಬ್ಲಾಸ್ಟ್’ ಎಂಬ ಹುಡುಕು ವಿಧಾನ ಪ್ರಕಟಿಸಿದರು. ಹಿಂದಿನ ವಿಧಾನಗಳು ಎರಡು ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತಿದ್ದವು. ಲೆಕ್ಕ ನಿಖರ, ವೇಗ ಮಾತ್ರ ಸಾಲದು. ಬ್ಲಾಸ್ಟ್ ಮೊದಲು ಚಿಕ್ಕ ತುಣುಕುಗಳ ಹೊಂದಿಕೆ ಎಲ್ಲಿದೆ ಎಂದು ಹುಡುಕಿ, ಸಿಕ್ಕಲ್ಲಿಂದ ಎರಡೂ ಕಡೆಗೆ ಬೆಳೆಸುತ್ತದೆ. ಮೊದಮೊದಲು ಇದನ್ನು ದೂರದಿಂದ ಬಳಸಲು ಇ–ಮೇಲ್ ಮೂಲಕ ಸಾಲನ್ನು ಕಳಿಸಿ ಉತ್ತರಕ್ಕೆ ಕಾಯಬೇಕಿತ್ತು. ಅಂತರ್ಜಾಲ ಪುಟದಲ್ಲೇ ಹುಡುಕುವ ಅನುಕೂಲ ಬಂದದ್ದು 1990ರ ದಶಕದ ನಡುವಿನಲ್ಲಿ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಅಲ್ಲಿಂದ ಮುಂದೆ, ತಾತ್ವಿಕವಾಗಿಯಾದರೂ, ತಿಪಟೂರಿನ ವಿದ್ಯಾರ್ಥಿ ಕೂಡ ವಾಷಿಂಗ್ಟನ್ನಿನ ವಿಜ್ಞಾನಿ ತೆರೆಯುವ ಕೋಶವನ್ನೇ ತೆರೆಯಬಹುದಿತ್ತು. ಹಣ ಕೊಡಬೇಕಿರಲಿಲ್ಲ, ಅನುಮತಿ ಕೇಳಬೇಕಿರಲಿಲ್ಲ. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ಮಾನವ ಜೀನೋಮ್ ಯೋಜನೆಯವರು ಓದಿದ ಅನುಕ್ರಮವನ್ನು 24 ಗಂಟೆಯೊಳಗೆ ಎಲ್ಲರಿಗೂ ತೆರೆದಿಡಬೇಕೆಂದು ಒಪ್ಪಿಕೊಂಡಿದ್ದರು. ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಉದಾರವಾದ ನಿರ್ಧಾರಗಳು ಹೆಚ್ಚಿಲ್ಲ.

2000ದ ಜುಲೈನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆ ಮಾನವ ಜೀನೋಮಿನ ಕರಡನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಜಿಮ್ ಕೆಂಟ್ ಮತ್ತು ಸಂಗಡಿಗರು ಅದನ್ನು ನೋಡಲು ಜೀನೋಮ್ ಬ್ರೌಸರ್ ಕಟ್ಟಿದರು. ಯುರೋಪಿನಲ್ಲಿ ಎನ್‌ಸೆಂಬಲ್ ಬೆಳೆಯಿತು. ವರ್ಣತಂತುವಿನ ಮೇಲೆ ಯಾವ ವಂಶವಾಹಿ ಎಲ್ಲಿದೆ, ಅದರ ಸುತ್ತ ಏನಿದೆ ಎಂಬುದನ್ನು ಭೂಪಟದಂತೆ ಹಿಗ್ಗಿಸಿ ಕುಗ್ಗಿಸಿ ನೋಡುವ ಸೌಲಭ್ಯ ಹೀಗೆ ಬಂತು.

ಆ ವರ್ಷಗಳಲ್ಲಿ ಕರ್ನಾಟಕ ಈ ವಿದ್ಯೆಗೆ ತೆರೆದುಕೊಂಡ ವೇಗ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಎಂಬ ಸಂಸ್ಥೆ ಆರಂಭಿಸಿ ಜೀನೋಮ್ ದತ್ತಾಂಶ ವಿಶ್ಲೇಷಿಸುವ ತಂತ್ರಾಂಶಗಳನ್ನು ಬೆಂಗಳೂರಿನಲ್ಲೇ ರೂಪಿಸಿದರು. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿ ಪ್ರಕಟಿಸಿತು. ಸರ್ಕಾರದ ಬೆಂಬಲದಿಂದ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ, ಐಬ್ಯಾಬ್, ಆರಂಭವಾಯಿತು. ಮರುವರ್ಷ ಅಖಿಲೇಶ್ ಪಾಂಡೆ ಬೆಂಗಳೂರಿನಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯೊಂದನ್ನು ಕಟ್ಟಿದರು. ಅಲ್ಲಿನ ಯುವಕ ಯುವತಿಯರು ಸಂಶೋಧನಾ ಲೇಖನಗಳನ್ನು ಓದಿ ಓದಿ ಸಿದ್ಧಪಡಿಸಿದ ಮಾನವ ಪ್ರೋಟೀನುಗಳ ಆಕರ ಕೋಶವನ್ನು ಜಗತ್ತೇ ಬಳಸಿತು. ಆದರೆ ಈ ಉತ್ಸಾಹದ ಗಮನವೆಲ್ಲ ಮನುಷ್ಯನ ರೋಗ ಮತ್ತು ಔಷಧಿಗಳ ಕಡೆಗಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಮೂರು ಗಂಟೆಯೂ ಆಗದ ತಿಪಟೂರಿನ ಬೆಳೆಯ ಬಗ್ಗೆ ಕೋಶಗಳಲ್ಲಿ ಹುಡುಕಿದರೆ ಆಗ ಸಿಗುತ್ತಿದ್ದದ್ದು ಅಲ್ಲೊಂದು ಇಲ್ಲೊಂದು ತುಣುಕು. ಕರ್ನಾಟಕದ ಬೆಳೆಗಳಿಗೆ ಸರದಿ ಬಂದದ್ದು ಬಹಳ ಆಮೇಲೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್–365 ರಾಗಿಯ ಜೀನೋಮ್ ಪ್ರಕಟಿಸಿದ್ದು 2017ರಲ್ಲಿ, ಶ್ರೀಗಂಧದ ಜೀನೋಮ್ ಬಂದದ್ದು 2018ರಲ್ಲಿ.

ತೆಂಗಿನ ಡಿಎನ್‌ಎ ಅಧ್ಯಯನ ಗುರುತುಗಳಿಂದ ಶುರುವಾಯಿತು. ಡಿಎನ್‌ಎಯ ಕೆಲವು ಜಾಗಗಳಲ್ಲಿ ಎರಡು ಮೂರು ಅಕ್ಷರಗಳು ಸಾಲಾಗಿ ಮರುಕಳಿಸುತ್ತವೆ, ಎಷ್ಟು ಸಲ ಎಂಬುದು ಮರದಿಂದ ಮರಕ್ಕೆ ಬೇರೆ. ಮೈಕ್ರೋಸ್ಯಾಟಲೈಟ್ ಎಂಬ ಈ ಗುರುತುಗಳನ್ನು ತೆಂಗಿನಲ್ಲಿ ಕಂಡುಹಿಡಿದದ್ದು 1990ರ ದಶಕದ ಕೊನೆಯಲ್ಲಿ. 2011ರಲ್ಲಿ ಬೀ ಗನ್, ಲೂಕ್ ಬೋದ್ವಾಂ ಮತ್ತು ಕೆನೆತ್ ಓಲ್ಸನ್ ಹತ್ತು ಇಂಥ ಗುರುತುಗಳಿಂದ 1,322 ಮರಗಳನ್ನು ಪರೀಕ್ಷಿಸಿ ತೆಂಗಿಗೆ ಎರಡು ಪ್ರತ್ಯೇಕ ಮೂಲಗಳಿವೆ ಎಂದು ತೋರಿಸಿದರು. ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ ಅಂಚಿನದು. ಎರಡನೆಯದರ ತವರು ದಕ್ಷಿಣ ಭಾರತ, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಸುತ್ತಮುತ್ತ ಇರಬಹುದೆಂಬುದು ಅವರ ತೀರ್ಮಾನ. ತೆಂಗು ಹೊರಗಿನಿಂದ ತೇಲಿಬಂದ ಅತಿಥಿ ಎಂಬ ಹಳೆಯ ನಂಬಿಕೆಗೆ ಇದು ದೊಡ್ಡ ತಿದ್ದುಪಡಿ.

ಗುರುತುಗಳ ಪ್ರಯೋಜನ ನರ್ಸರಿಯಲ್ಲೂ ಇತ್ತು. ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತಳಿಯನ್ನು ತಾಯಿಯಾಗಿಟ್ಟು ಎತ್ತರದ ತಳಿಯ ಪರಾಗ ಕೊಟ್ಟರೆ, ಹುಟ್ಟುವ ನಿಜವಾದ ಸಂಕರ ಸಸಿಯ ಎಲೆತೊಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಕಿತ್ತಳೆ ಬಣ್ಣದಲ್ಲೇ ಉಳಿದರೆ ಅದು ಸ್ವಕೀಯ ಪರಾಗದಿಂದ ಹುಟ್ಟಿದ್ದು. ತಾಯಿ ಹಸಿರು ಬಣ್ಣದ ಗಿಡ್ಡ ತಳಿಯಾದರೆ ಈ ಉಪಾಯ ನಡೆಯುವುದಿಲ್ಲ, ಸಸಿಗಳೆಲ್ಲ ಹಸಿರೇ. 2013ರಲ್ಲಿ ಕಾಸರಗೋಡಿನ ವಿಜ್ಞಾನಿಗಳು ಎತ್ತರದ ಗುಣದೊಂದಿಗೆ ಕಾಣಿಸಿಕೊಳ್ಳುವ ಒಂದು ಡಿಎನ್‌ಎ ಗುರುತನ್ನು ಪ್ರಕಟಿಸಿದರು. ಸಸಿಯ ಎಲೆಯ ಚೂರಿನಿಂದಲೇ ಪರೀಕ್ಷೆ ಸಾಧ್ಯ, ಆರೆಂಟು ವರ್ಷ ಕಾಯಬೇಕಿಲ್ಲ.

ಪೂರ್ತಿ ಜೀನೋಮ್ ಬಂದದ್ದು 2017ರಲ್ಲಿ. ಚೀನಾದ ಹೈನಾನ್ ದ್ವೀಪದ ಎತ್ತರದ ತಳಿಯ ಕರಡು ಅದು. ತೆಂಗಿನ 16 ಜೋಡಿ ವರ್ಣತಂತುಗಳಲ್ಲಿ, ಜೋಡಿಗೆ ಒಂದರಂತೆ ಎಣಿಸಿದರೆ, ಒಟ್ಟು ಸುಮಾರು 242 ಕೋಟಿ ಅಕ್ಷರಗಳಿವೆ ಎಂದು ಅಂದಾಜಾಯಿತು, 28,039 ವಂಶವಾಹಿಗಳನ್ನು ಗುರುತಿಸಲಾಯಿತು. ನೂರಕ್ಕೆ 70ಕ್ಕೂ ಹೆಚ್ಚು ಭಾಗ ಮತ್ತೆ ಮತ್ತೆ ಬರುವ ಒಂದೇ ಬಗೆಯ ತುಣುಕುಗಳು. ತೆಂಗಿನ ಜೀನೋಮ್ ಜೋಡಿಸುವುದು ಕಷ್ಟವಾದದ್ದು ಇದರಿಂದಲೇ. 2019ರಲ್ಲಿ ಫಿಲಿಪ್ಪೀನ್ಸಿನ ಗಿಡ್ಡ ತಳಿ ಕಾಟಿಗಾನ್‌ನ ಜೀನೋಮ್ ಬಂತು. 2020ರಲ್ಲಿ ಸಿಪಿಸಿಆರ್‌ಐ ವಿಜ್ಞಾನಿಗಳು ಚಾವಕ್ಕಾಡಿನ ಹಸಿರು ಗಿಡ್ಡ ತಳಿಯ ಜೀನೋಮ್ ಪ್ರಕಟಿಸಿದರು. ಕೇರಳವನ್ನು 19ನೆಯ ಶತಮಾನದಿಂದ ಕಾಡುತ್ತಿರುವ ಬೇರು ಸೊರಗು ರೋಗವನ್ನು ಈ ತಳಿ ತಕ್ಕಮಟ್ಟಿಗೆ ತಡೆಯುವುದೇ ಆ ಆಯ್ಕೆಗೆ ಕಾರಣ. 2021ರಲ್ಲಿ ಎತ್ತರದ ಮತ್ತು ಗಿಡ್ಡ ತಳಿಗಳೆರಡರ ಜೀನೋಮುಗಳೂ ವರ್ಣತಂತುಗಳ ಮಟ್ಟದಲ್ಲಿ ಜೋಡಣೆಯಾಗಿ ಬಂದವು.

2021ರ ಅಧ್ಯಯನದಲ್ಲಿ ಕಲಿಯುವವರಿಗೆ ಒಳ್ಳೆಯ ಪಾಠವೊಂದಿದೆ. ಮರದ ಎತ್ತರದ ವ್ಯತ್ಯಾಸಕ್ಕೆ ಆ ತಂಡ ಬೊಟ್ಟುಮಾಡಿದ್ದು ಜಿಎ–20 ಆಕ್ಸಿಡೇಸ್ ಎಂಬ ವಂಶವಾಹಿಯನ್ನು. ಇದು ಗಿಡ ಉದ್ದ ಬೆಳೆಯಲು ಬೇಕಾದ ಜಿಬ್ಬರೆಲಿನ್ ಹಾರ್ಮೋನಿನ ತಯಾರಿಕೆಯಲ್ಲಿ ಪಾಲುಗೊಳ್ಳುತ್ತದೆ. ಹಸಿರು ಕ್ರಾಂತಿಯ ಐಆರ್–8 ಭತ್ತ ಗಿಡ್ಡವಾಗಿದ್ದುದಕ್ಕೆ ಕಾರಣವೂ ಇದೇ ಕುಟುಂಬದ ವಂಶವಾಹಿ. ಭತ್ತದಲ್ಲಿ ಅದನ್ನು 2002ರಲ್ಲಿ ಗುರುತಿಸಿದರು. ಕಾಲೇಜಿನ ಒಬ್ಬ ವಿದ್ಯಾರ್ಥಿ ಭತ್ತದ ಆ ಪ್ರೋಟೀನಿನ 389 ಅಕ್ಷರಗಳ ಸಾಲನ್ನು ಕೋಶದಿಂದ ಇಳಿಸಿಕೊಂಡು, ಬ್ಲಾಸ್ಟ್ ಪುಟದಲ್ಲಿ ಅಂಟಿಸಿ, ಹುಡುಕಾಟವನ್ನು ತೆಂಗಿಗೆ ಸೀಮಿತಗೊಳಿಸಿದರೆ ಸಾಕು, ತೆಂಗಿನ ಸಂಬಂಧಿ ವಂಶವಾಹಿಗಳು ಪಟ್ಟಿಯಾಗಿ ಬರುತ್ತವೆ. ಜೆನ್‌ಬ್ಯಾಂಕ್ ನಡೆಸುವ ಎನ್‌ಸಿಬಿಐ ಸಂಸ್ಥೆಯ ವರ್ಗೀಕರಣದಲ್ಲಿ ತೆಂಗಿನ ಸಂಖ್ಯೆ 13894. ಹೆಸರು ಬರೆಯುವ ಬದಲು ಈ ಸಂಖ್ಯೆ ಕೊಟ್ಟರೆ ಗೊಂದಲವಿಲ್ಲ.

ಪಟ್ಟಿ ಬಂದ ಮೇಲೆ ಓದುವ ಕೆಲಸ ಶುರು. ಪ್ರತಿ ಹೊಂದಿಕೆಯ ಪಕ್ಕದಲ್ಲೂ ಇ–ಮೌಲ್ಯ ಎಂಬ ಅಂಕಿ ಇರುತ್ತದೆ. ಇಷ್ಟು ಒಳ್ಳೆಯ ಹೊಂದಿಕೆ ಇಷ್ಟು ದೊಡ್ಡ ಕೋಶದಲ್ಲಿ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದೆಂಬುದರ ಅಂದಾಜು ಅದು. ಸೊನ್ನೆಗೆ ಹತ್ತಿರವಾದಷ್ಟೂ ಹೊಂದಿಕೆ ಆಕಸ್ಮಿಕವಲ್ಲವೆಂಬ ಭರವಸೆ ಹೆಚ್ಚು. ಹೊಸಬರು ನೂರಕ್ಕೆ ಇಷ್ಟು ಹೋಲಿಕೆ ಎಂಬ ಅಂಕಿಯನ್ನಷ್ಟೇ ನೋಡಿ ಸಂತೋಷಪಡುವುದುಂಟು. ಇಪ್ಪತ್ತು ಅಕ್ಷರಗಳ ತುಣುಕಿನಲ್ಲಿ ಪೂರ್ಣ ಹೋಲಿಕೆ ಸಿಕ್ಕರೂ ಅದಕ್ಕೆ ಅರ್ಥವಿರಲೇಬೇಕೆಂದಿಲ್ಲ. ಸಾಲಿನ ಎಷ್ಟು ಭಾಗ ಹೊಂದಿದೆ ಎಂಬುದನ್ನೂ ಜತೆಗೇ ನೋಡಬೇಕು. ಇನ್ನು ವಂಶವಾಹಿಯ ಹೆಸರು. ಕೋಶದಲ್ಲಿರುವ ಬಹುಪಾಲು ಹೆಸರುಗಳು ಪ್ರಯೋಗದಿಂದ ಬಂದವಲ್ಲ, ಇನ್ನೊಂದು ಗಿಡದ ಹೋಲಿಕೆಯಿಂದ ಕಂಪ್ಯೂಟರ್ ಕೊಟ್ಟವು. ಒಂದರಲ್ಲಿ ತಪ್ಪಿದ್ದರೆ ಅದನ್ನು ನೋಡಿ ಹೆಸರಿಟ್ಟ ಹತ್ತರಲ್ಲೂ ಆ ತಪ್ಪು ಮುಂದುವರಿಯುತ್ತದೆ.

ಬ್ರೌಸರಿನಲ್ಲಿ ವಂಶವಾಹಿಯ ಸ್ಥಾನ ನೋಡುವುದು, ಅದರ ಸುತ್ತಲಿನ ಗುರುತುಗಳನ್ನು ಪಟ್ಟಿ ಮಾಡುವುದು, ಪ್ರಯೋಗಾಲಯದಲ್ಲಿ ಅದನ್ನು ಹಿಡಿಯಲು ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಣುಕನ್ನು ರೂಪಿಸುವುದು ಮುಂದಿನ ಹೆಜ್ಜೆಗಳು. ಸಾವಿರಾರು ಕಚ್ಚಾ ತುಣುಕುಗಳ ವಿಶ್ಲೇಷಣೆಗೆ ಹಿಂದೆ ದೊಡ್ಡ ಕಂಪ್ಯೂಟರ್, ಪ್ರೋಗ್ರಾಮಿಂಗ್ ಜ್ಞಾನ ಎರಡೂ ಬೇಕಿದ್ದವು. 2005ರಲ್ಲಿ ಬಂದ ‘ಗ್ಯಾಲಕ್ಸಿ’ ಆ ಕೆಲಸವನ್ನೂ ಅಂತರ್ಜಾಲ ಪುಟಕ್ಕೆ ತಂದಿತು. ಲೆಕ್ಕ ನಡೆಯುವುದು ಎಲ್ಲೋ ಇರುವ ಸರ್ವರಿನಲ್ಲಿ, ಬಳಸುವವರ ಬಳಿ ಸಾಧಾರಣ ಕಂಪ್ಯೂಟರ್ ಇದ್ದರೆ ಸಾಕು. ಮಾಡಿದ ಪ್ರತಿ ಹೆಜ್ಜೆಯೂ ದಾಖಲಾಗುವುದರಿಂದ ಮೇಷ್ಟರು ತಿದ್ದಲೂ ಅನುಕೂಲ.

ಕೀಟಗಳ ವಿಷಯದಲ್ಲಿ ಈ ಕಲಿಕೆಯ ಫಲ ಇನ್ನೂ ಬೇಗ ಕೈಗೆ ಸಿಗುತ್ತದೆ. 2016ರಲ್ಲಿ ಪೊಳ್ಳಾಚಿ ಮತ್ತು ಕೇರಳದ ತೋಟಗಳಲ್ಲಿ ಕಾಣಿಸಿಕೊಂಡ ಸುರುಳಿ ಬಿಳಿನೊಣ ಮುಂದೆ ಕರ್ನಾಟಕದ ತೆಂಗಿಗೂ ಹಬ್ಬಿತು. ಬಿಳಿನೊಣಗಳಲ್ಲಿ ಒಂದು ಜಾತಿಯಿಂದ ಇನ್ನೊಂದನ್ನು ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಸೂಕ್ಷ್ಮದರ್ಶಕದಡಿ ಕೋಶಾವಸ್ಥೆಯ ರಚನೆ ನೋಡಬೇಕು, ಇಲ್ಲವೇ ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿ ಕೋಶದೊಂದಿಗೆ ಹೋಲಿಸಬೇಕು. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಸೂಚಿಸಿದ ಈ ‘ಬಾರ್‌ಕೋಡ್’ ಪದ್ಧತಿಯನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ನಮ್ಮ ಕೀಟಗಳಿಗೆ ಬಳಸುತ್ತಿದೆ. ಹೊಸ ಕೀಟವನ್ನು ತಪ್ಪಾಗಿ ಗುರುತಿಸಿ ತಪ್ಪು ಔಷಧಿ ಹೊಡೆದರೆ ಸಾಯುವುದು ತೋಟದ ಮಿತ್ರ ಕೀಟಗಳು.

ಈಗ ತೆಂಗಿನ ಕೋಶದ ದೊಡ್ಡ ಕೊರತೆಗೆ ಬರಬೇಕು. ಆಕರವಾಗಿ ಬಳಕೆಯಾಗುವ ಎತ್ತರದ ಜೀನೋಮ್ ಹೈನಾನಿನದು. ಸಮುದ್ರದ ತೇವದಲ್ಲಿ, ಧಾರಾಳ ಮಳೆಯಲ್ಲಿ ಬೆಳೆದ ಮರ. ಕೆಂಕೆರೆಯ ಕಡೆ ಮಳೆ ಕಡಿಮೆ, ಕೊಳವೆಬಾವಿ ಆಳ. 2010ರ ದಶಕದ ಸಾಲು ಬರಗಳಲ್ಲಿ ಚಿಕ್ಕನಾಯಕನಹಳ್ಳಿ, ತಿಪಟೂರು, ಅರಸೀಕೆರೆ ತಾಲ್ಲೂಕುಗಳ ಎಷ್ಟೋ ತೋಟಗಳಲ್ಲಿ ಸುಳಿ ಒಣಗಿ ಮರಗಳು ಸತ್ತವು. ಅದೇ ಸಾಲಿನಲ್ಲಿ ಕೆಲವು ಮರಗಳು ಬದುಕಿ ಮತ್ತೆ ಗೊನೆ ಬಿಟ್ಟವು. ಬರ ತಾಳುವ ಗುಣದ ವಂಶವಾಹಿಗಳನ್ನು ಹುಡುಕಬೇಕಾದದ್ದು ಈ ಉಳಿದ ಮರಗಳಲ್ಲಿ. ಆದರೆ ಸಾರ್ವಜನಿಕ ಕೋಶಗಳಲ್ಲಿ ಅನುಕ್ರಮದ ಜತೆಗಿರುವ ವಿವರ ಬಹಳ ಸಲ ತೆಳ್ಳಗಿರುತ್ತದೆ: ಜಾತಿಯ ಹೆಸರು, ದೇಶದ ಹೆಸರು, ಎಲೆಯ ಮಾದರಿ ಎಂಬ ಒಂದು ಸಾಲು. ಮರದ ವಯಸ್ಸೆಷ್ಟು, ಬರದಲ್ಲಿ ಅದು ಹೇಗಿತ್ತು, ಕಾಯಿ ಹೇಗೆ, ಉಂಡೆ ಕೊಬ್ಬರಿಗೆ ಒದಗುತ್ತದೆಯೇ, ಬೀಜ ಯಾವ ತೋಟದಿಂದ ಬಂತು, ಇವು ಯಂತ್ರ ಓದಲಾಗದ ಸಂಗತಿಗಳು. ಇವನ್ನು ಬಲ್ಲವರು ತೋಟದವರು. ಅವರ ಮಾತು ದಾಖಲಾಗದೆ ಅಕ್ಷರಗಳಷ್ಟೇ ಕೋಶ ಸೇರಿದರೆ ಅದು ಊರು ತಿಳಿಯದ ಶಾಸನದಂತೆ. ಗಂಗಾಪಾನಿಯ ಪ್ರಶ್ನೆಯೂ ಹೀಗೆಯೇ: ಹೊನ್ನವಳ್ಳಿಯ ಹಳೆಯ ತೋಟಗಳಲ್ಲಿ ಆ ಹೆಸರಿನಿಂದ ಕರೆಸಿಕೊಳ್ಳುವ ಮರಗಳನ್ನು ಗುರುತಿಸಿ, ನೆರೆಯ ಮರಗಳ ಎಲೆಯನ್ನೂ ತೆಗೆದು, ಎರಡನ್ನೂ ಕೆಲವು ಮೈಕ್ರೋಸ್ಯಾಟಲೈಟ್‌ಗಳಲ್ಲಿ ಹೋಲಿಸಿದರೆ ಉತ್ತರ ಸಿಕ್ಕೀತು.

ದಾಖಲೆಗೆ ಇನ್ನೊಂದು ಮಹತ್ವವೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತರು ಬೆಳೆಸಿ ಉಳಿಸಿದ ತಳಿಗಳ ನೋಂದಣಿಗೆ ಅವಕಾಶ ಕೊಡುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಊರೂರಿನ ಜೀವವೈವಿಧ್ಯ ದಾಖಲಾತಿ ನಡೆಯಬೇಕು. ಎರಡೂ ರೂಪುಗೊಂಡದ್ದು ಬೀಜ, ಸಸಿ, ಎಲೆಗಳಂಥ ಮುಟ್ಟಬಹುದಾದ ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೋಶದಲ್ಲಿರುವ ಅಕ್ಷರಗಳನ್ನು ಇಳಿಸಿಕೊಂಡು ಲಾಭ ಮಾಡಿಕೊಂಡವರು ತಳಿ ಉಳಿಸಿದವರಿಗೆ ಏನು ಕೊಡಬೇಕು ಎಂಬ ಚರ್ಚೆ 2022ರ ಮಾಂಟ್ರಿಯಲ್ ಸಮ್ಮೇಳನದಲ್ಲಿ ಒಂದು ಹಂತಕ್ಕೆ ಬಂತು. 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸೇರಿದ ದೇಶಗಳು ಇದಕ್ಕಾಗಿ ಒಂದು ನಿಧಿ ಸ್ಥಾಪಿಸಲು ಒಪ್ಪಿದವು. ಕೋಶಗಳು ಮುಕ್ತವಾಗಿಯೇ ಇರಬೇಕು, ಬಾಗಿಲು ಹಾಕಿದರೆ ಮೊದಲು ಹೊರಗುಳಿಯುವವರು ಸಣ್ಣ ಊರಿನ ವಿದ್ಯಾರ್ಥಿಗಳೇ. ಆದರೆ ಮೂಲದ ಹೆಸರಿಲ್ಲದ ದತ್ತಾಂಶದ ಮೇಲೆ ಯಾವ ಊರೂ ತನ್ನ ಪಾಲು ಕೇಳಲಾರದು.

ದೇಶದೊಳಗೆ ಇಂಥ ದಾಖಲೆ ಇಡಲು ಈಗ ಜಾಗವಿದೆ. ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಯೋಜನೆಯ ದತ್ತಾಂಶ ಇರುವುದೂ ಅಲ್ಲಿಯೇ. ಕಲಿಕೆಯ ಸಾಮಗ್ರಿಗೂ ಬರವಿಲ್ಲ: ಕೋಶಗಳೇ ಉಚಿತ ಪಾಠ ಕೊಡುತ್ತವೆ, ಐಐಟಿಗಳ ಎನ್‌ಪಿಟೆಲ್ ಪಾಠಗಳಿವೆ. ಆದರೆ ಬಹುತೇಕ ಎಲ್ಲವೂ ಇಂಗ್ಲಿಷಿನಲ್ಲಿ, ಉದಾಹರಣೆಗಳೆಲ್ಲ ಮನುಷ್ಯ, ಇಲಿ, ಹಣ್ಣುನೊಣಗಳದು. ಕನ್ನಡದಲ್ಲಿ, ತೆಂಗನ್ನೇ ಉದಾಹರಣೆಯಾಗಿಟ್ಟುಕೊಂಡ ಒಂದು ಕೈಪಿಡಿ ಬೇಕು. ಅದನ್ನು ಬರೆಯಬಲ್ಲ ಅಧ್ಯಾಪಕರು ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿದ್ದಾರೆ.

ಅದಕ್ಕೂ ಮೊದಲು ಆಗಬೇಕಾದ ಕೆಲಸಕ್ಕೆ ಕಂಪ್ಯೂಟರೂ ಬೇಕಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ವಿಜ್ಞಾನ ವಿದ್ಯಾರ್ಥಿಗಳು ಅರಸೀಕೆರೆಯ ಸಂಶೋಧನಾ ಕೇಂದ್ರ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ನೆರವಿನಿಂದ ತಮ್ಮ ತಮ್ಮ ಊರಿನ ತಾಯಿ ಮರಗಳ ಪಟ್ಟಿ ಮಾಡಲಿ. ಊರು, ತೋಟ, ಮರದ ವಯಸ್ಸು, ಬರಗಾಲದಲ್ಲಿ ಅದು ನಡೆದುಕೊಂಡ ರೀತಿ, ಕಾಯಿ ಮತ್ತು ಕೊಬ್ಬರಿಯ ಗುಣ, ಬೀಜ ಆರಿಸಿದವರು ಹೇಳುವ ಕಾರಣ, ಇವಿಷ್ಟನ್ನು ತೋಟದವರ ಒಪ್ಪಿಗೆ ಪಡೆದು ಕನ್ನಡದಲ್ಲೇ ಬರೆದಿಡಲಿ. ಸ್ವಾತಂತ್ರ್ಯಪೂರ್ವದಲ್ಲಿ ನೆಟ್ಟ ಮರಗಳು ಈಗ ಒಂದೊಂದಾಗಿ ಉರುಳುತ್ತಿವೆ. ಈ ಪಟ್ಟಿ ಬರುವ ಬೇಸಗೆಯ ರಜೆಯಲ್ಲೇ ಶುರುವಾಗಲಿ.